ದುಡಿಮೆಯ ದಾರಿಗಳಲ್ಲಿ ಓಟ

ಚಿಕ್ಕಮಗಳೂರಿಗೆ ಓಡುವುದಕ್ಕೆಂದೇ ಬರುವವರು ಈಗ ಹೆಚ್ಚಾಗಿದ್ದಾರೆ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ನಸುಕಿಗೆ ಬೆಟ್ಟದ ದಾರಿಯ ಕೈಮರದ ಹತ್ತಿರ ಬೂಟಿನ ದಾರ ಬಿಗಿಯುತ್ತಿರುವ ಹುಡುಗ ಹುಡುಗಿಯರನ್ನು ಕಂಡರೆ ಮನಸ್ಸಿಗೆ ಖುಷಿಯಾಗುತ್ತದೆ. ಕಾಫಿ ತೋಟಗಳ ನಡುವೆ 50 ಕಿಲೋಮೀಟರಿನಿಂದ ಹಿಡಿದು ನೂರು ದಾಟಿದ ದೂರದವರೆಗೆ ನಡೆಯುವ ‘ಮಲ್ನಾಡ್ ಅಲ್ಟ್ರಾ’ದಂಥ ಓಟಗಳು ಈ ಜಿಲ್ಲೆಯನ್ನು ದೂರದೂರದ ಓಟಗಾರರಿಗೆ ಪರಿಚಯಿಸಿವೆ. ಆದರೆ ಬಂದವರಲ್ಲಿ ಬಹಳ ಮಂದಿ ದಾರಿ ಆರಿಸಿಕೊಳ್ಳುವುದು ಮೊಬೈಲಿನಲ್ಲಿ ಕಂಡ ಚಿತ್ರ ನೋಡಿ. ಎಲ್ಲಿ ಮಂಜು ಚೆಂದ, ಎಲ್ಲಿ ಹಿನ್ನೀರು ಚೆಂದ ಎಂದು ಕೇಳುತ್ತಾರೆ. ಹಾಗೆ ಕೇಳುವುದು ತಪ್ಪೇನಲ್ಲ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ದಾರಿಯನ್ನು ಯಾರು, ಯಾವ ಕೆಲಸಕ್ಕೆ ಮಾಡಿಕೊಂಡರು?

ಬೆಟ್ಟ, ಕಾಡು, ಕೆರೆಗಳ ಸೀಮೆಯಲ್ಲಿ ಓಟಕ್ಕೆಂದು ಯಾರೂ ದಾರಿ ಕಡಿದಿಲ್ಲ. ತೋಟದ ರಸ್ತೆ ಇರುವುದು ಹಣ್ಣು ತುಂಬಿದ ಟ್ರ್ಯಾಕ್ಟರು ಕಣಕ್ಕೆ ಇಳಿಯಲು. ಏರಿ ಇರುವುದು ನೀರು ನಿಲ್ಲಿಸಲು. ಗಿರಿಯ ಮೇಲಿನ ಕಾಲುದಾರಿ ದನ ಮೇಯಿಸುವವರು ಮತ್ತು ಹರಕೆ ಹೊತ್ತವರು ಸವೆಸಿದ್ದು. ಕಾಡಂಚಿನ ರಸ್ತೆ ಗಸ್ತಿಗೆ, ಬೆಂಕಿ ತಡೆಯುವುದಕ್ಕೆ. ದಾರಿ ಎಷ್ಟು ಕಡಿದು, ಅಡಿಯಲ್ಲಿ ಯಾವ ಮಣ್ಣು, ಯಾವ ತಿಂಗಳು ಯಾವ ಹೊತ್ತಿನಲ್ಲಿ ಅದು ಓಡಲು ಯೋಗ್ಯ ಎಂಬುದೆಲ್ಲ ಆ ಕೆಲಸದಿಂದಲೇ ನಿರ್ಧಾರವಾಗಿರುತ್ತದೆ. ಕೆಲಸ ತಿಳಿದವನಿಗೆ ದಾರಿ ಸುಲಭ. ತಿಳಿಯದವನು ಕಾಲು ಉಳುಕಿಸಿಕೊಳ್ಳುತ್ತಾನೆ, ಇಲ್ಲವೇ ಬೇರೆಯವರ ದುಡಿಮೆಗೆ ಅಡ್ಡಿಯಾಗುತ್ತಾನೆ.

ಈ ಸೀಮೆಯ ಭೂಗೋಳ ಒಮ್ಮೆ ಮನಸ್ಸಿನಲ್ಲಿ ಕೂತರೆ ಮಿಕ್ಕದ್ದು ಬೇಗ ಅರ್ಥವಾಗುತ್ತದೆ. ಬಾಬಾಬುಡನ್‌ಗಿರಿ ಎಂದೂ ಚಂದ್ರದ್ರೋಣ ಪರ್ವತ ಎಂದೂ ಕರೆಯುವ ಈ ಶ್ರೇಣಿ ಕುದುರೆ ಲಾಳದ ಆಕಾರದಲ್ಲಿ ಬಾಗಿದೆ. ಲಾಳದ ಒಳಗಡೆ ಜಾಗರ ಕಣಿವೆ, ಮುತ್ತೋಡಿ ಕಾಡು. ಅಲ್ಲಿ ಬಿದ್ದ ಮಳೆ ಸೋಮವಾಹಿನಿಯಾಗಿ ಭದ್ರೆಗೆ ಸೇರುತ್ತದೆ. ಹೊರಗಡೆ ಪೂರ್ವಕ್ಕೆ ಬಿದ್ದ ಮಳೆ ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿ ವೇದಾ ಮತ್ತು ಆವತಿ ಎಂಬ ಹೊಳೆಗಳಾಗಿ ಕಡೂರು ಕಡೆ ಕೂಡಿ ವೇದಾವತಿಯಾಗುತ್ತದೆ. ದಕ್ಷಿಣದ ಇಳಿಜಾರಿನದು ಯಗಚಿ. ಅದು ಬೇಲೂರಿನ ಮೇಲೆ ಹೋಗಿ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಭದ್ರೆ, ವೇದಾವತಿಗಳ ನೀರು ಕೊನೆಗೆ ಸೇರುವುದು ಕೃಷ್ಣೆಗೆ. ಹೀಗೆ ಒಂದೇ ಗಿರಿಯ ಮೇಲಿನ ಮಳೆ ಕೃಷ್ಣೆಗೂ ಕಾವೇರಿಗೂ ಪಾಲಾಗುತ್ತದೆ. ನೆತ್ತಿಯ ಕಾಲುದಾರಿಯಲ್ಲಿ ಹೋಗುವವನ ಎಡಗಾಲು ಒಂದು ನದಿಯ ಸೀಮೆಯಲ್ಲಿ, ಬಲಗಾಲು ಇನ್ನೊಂದರ ಸೀಮೆಯಲ್ಲಿ. ಪೂರ್ವಕ್ಕಿಳಿದರೆ ಒಣ ಹವೆ, ಗಟ್ಟಿ ಕೆಂಪು ನೆಲ, ಕೆರೆಗಳ ಸಾಲು. ಪಶ್ಚಿಮಕ್ಕಿಳಿದರೆ ತೇವ, ದಟ್ಟ ನೆರಳು, ಇಂಬಳ. ಓಟಗಾರನಿಗೆ ಇವು ಬೇರೆ ಬೇರೆ ಲೋಕಗಳು, ನಡುವೆ ಇರುವ ಅಂತರ ಮಾತ್ರ ಸ್ವಲ್ಪವೇ.

ಮೊದಲು ಏರಿನ ವಿಷಯ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ತುಸು ಮೇಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು. ಪೇಟೆಯಿಂದ ಶಿಖರಕ್ಕೆ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು. ಇಷ್ಟನ್ನು ಕೇಳಿದವರು, ‘ಇಪ್ಪತ್ತು ತಾನೇ, ಕಬ್ಬನ್ ಪಾರ್ಕಿನಲ್ಲಿ ಎರಡು ಗಂಟೆಯಲ್ಲಿ ಮುಗಿಸುತ್ತೇನೆ’ ಎನ್ನುತ್ತಾರೆ. ಬೆಟ್ಟದ ಓಟದವರು ದೂರವನ್ನು ಹಾಗೆ ಎಣಿಸುವುದಿಲ್ಲ. ನೂರು ಮೀಟರ್ ಏರನ್ನು ಒಂದು ಕಿಲೋಮೀಟರ್ ಸಮತಟ್ಟಿನ ಶ್ರಮಕ್ಕೆ ಸಮ ಎಂದು ಹಿಡಿಯುವುದು ಟ್ರೇಲ್ ಓಟದ ಅಂತರರಾಷ್ಟ್ರೀಯ ಲೆಕ್ಕ. ಇಲ್ಲಿ ಎಂಟುನೂರು ಮೀಟರಿಗಿಂತ ಕಡಿಮೆಯಿಲ್ಲದ ಏರು ಇರುವುದರಿಂದ 20 ಕಿಲೋಮೀಟರು 28 ಆಗುತ್ತದೆ. ಹೆಚ್ಚುಕಡಿಮೆ ಇದೇ ಲೆಕ್ಕವನ್ನು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲೇ ಚಾರಣಿಗರಿಗಾಗಿ ಹಾಕಿಕೊಟ್ಟಿದ್ದ: ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಈ ಸೂತ್ರ ಇವತ್ತೂ ನಮ್ಮ ಬೆಟ್ಟಗಳಲ್ಲಿ ಸುಳ್ಳಾಗುವುದು ಅಪರೂಪ.

ಎತ್ತರದ ಪ್ರಭಾವ ಇನ್ನೊಂದು. ಎರಡು ಸಾವಿರ ಮೀಟರಿನ ಆಸುಪಾಸಿನಲ್ಲಿ ಗಾಳಿಯ ಒತ್ತಡ ಸಮುದ್ರ ತೀರದಲ್ಲಿ ಇರುವುದರ ಐದರಲ್ಲಿ ನಾಲ್ಕು ಪಾಲು. ಉಸಿರೊಂದಕ್ಕೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮಂಗಳೂರಿನವರಿಗೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ, ಬೆಂಗಳೂರಿನವರಿಗೆ ಸ್ವಲ್ಪ ಕಡಿಮೆ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಬೆವರಿದ ಬನಿಯನ್ನಿನಲ್ಲಿ ಗಿರಿಯ ನೆತ್ತಿಯ ಗಾಳಿಗೆ ನಿಂತರೆ ಹತ್ತು ನಿಮಿಷದಲ್ಲಿ ಮೈ ನಡುಗುತ್ತದೆ. ತೆಳು ಗಾಳಿಕೋಟೊಂದು ಸೊಂಟದ ಚೀಲದಲ್ಲಿರಬೇಕು.

ಕಡಿದಾದ ಏರಿನಲ್ಲಿ ನಡೆಯುವುದರ ಬಗ್ಗೆ ಹೊಸಬರಿಗೆ ಸಂಕೋಚ. ಸಂಕೋಚಪಡಬೇಕಾದ್ದೇನೂ ಇಲ್ಲ. ಒಂದು ಮಟ್ಟದ ಏರು ದಾಟಿದ ಮೇಲೆ ಅದೇ ವೇಗದಲ್ಲಿ ಓಡುವುದಕ್ಕಿಂತ ನಡೆಯುವುದಕ್ಕೇ ಕಡಿಮೆ ಶಕ್ತಿ ಸಾಕು. ಪಳಗಿದ ಅಲ್ಟ್ರಾ ಓಟಗಾರರೆಲ್ಲ ಏರಿನಲ್ಲಿ ಮಂಡಿಯ ಮೇಲೆ ಕೈಯೂರಿ ನಡೆಯುತ್ತಾರೆ. ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿಗೆ ಹತ್ತುವವರೂ, ಕೊನೆಯ ಮೆಟ್ಟಿಲುಗಳಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ಹೋಗುವವರೂ ಹಾಗೇ ಮಾಡಲಿ. ನಿಜವಾದ ಪರೀಕ್ಷೆ ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುವುದು ಆ ಕೆಲಸದಲ್ಲಿ. ನೋವು ಅವತ್ತು ಕಾಣುವುದಿಲ್ಲ, ಮಾರನೆಯ ದಿನ, ಅದರ ಮಾರನೆಯ ದಿನ ಮೆಟ್ಟಿಲಿಳಿಯುವಾಗ ಕಾಣುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಮಂಡಿ ತುಸು ಬಾಗಿಸಿ, ದೃಷ್ಟಿಯನ್ನು ಮುಂದಿನ ನಾಲ್ಕೈದು ಹೆಜ್ಜೆಗಳ ಮೇಲಿಟ್ಟು ಇಳಿಯುವುದು ಅಭ್ಯಾಸದಿಂದ ಬರುತ್ತದೆ.

ಈ ಬೆಟ್ಟಗಳನ್ನು ಹತ್ತುವುದರಲ್ಲಿ ಸ್ಥಳೀಯರ ಕಾಲುಗಳು ನಮಗಿಂತ ಎಷ್ಟು ಮುಂದಿವೆ ಎಂದು ತಿಳಿಯಬೇಕಾದರೆ ದೀಪಾವಳಿಯಲ್ಲಿ ದೇವಿರಮ್ಮನ ಬೆಟ್ಟ ನೋಡಬೇಕು. ಮಲ್ಲೇನಹಳ್ಳಿಯ ಬಳಿಯ ಈ ಬೆಟ್ಟಕ್ಕೆ ವರ್ಷಕ್ಕೊಮ್ಮೆ, ನರಕ ಚತುರ್ದಶಿಯ ಹೊತ್ತಿಗೆ, ಸಾವಿರಾರು ಜನ ರಾತ್ರಿಯಿಂದಲೇ ಹತ್ತುತ್ತಾರೆ. ಬಹುಪಾಲು ಬರಿಗಾಲು. ಬೆಟ್ಟದ ಮೇಲಿನ ಬೆಂಕಿಗೆ ಹಾಕಲು ಕಟ್ಟಿಗೆ, ತುಪ್ಪದಲ್ಲಿ ನೆನೆಸಿದ ಬಟ್ಟೆ ಹೊತ್ತಿರುತ್ತಾರೆ. ಮಳೆ ಬಂದರೆ ದಾರಿ ಪೂರಾ ಕೆಸರು. ಐವತ್ತು ದಾಟಿದ ಹೆಂಗಸರು ಬರಿಗಾಲಿನ ಹೆಬ್ಬೆರಳನ್ನು ಮಣ್ಣಿಗೆ ಊರಿ, ಮೈಯನ್ನು ಮುಂದಕ್ಕೆ ಬಾಗಿಸಿ, ಒಂದೇ ಲಯದಲ್ಲಿ ಏರುವುದನ್ನು ನೋಡುತ್ತಾ ನಿಂತರೆ ದುಬಾರಿ ಬೂಟಿನ ತಳದ ಬಗ್ಗೆ ನಾವು ಮಾಡುವ ಚರ್ಚೆಯೆಲ್ಲ ಹಗುರವಾಗಿ ಕಾಣುತ್ತದೆ. ದಿನವೂ ಏರು ತಗ್ಗಿನಲ್ಲಿ ದುಡಿಯುವ ಕಾಲುಗಳು ಅವು. ತರಬೇತಿ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ.

ಗಿರಿಯ ಮೇಲ್ಭಾಗ ಹುಲ್ಲುಗಾವಲು ಮತ್ತು ಶೋಲಾ ಕಾಡು. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವಾಗಿ ಬಿಡುವುದು ಈ ಹುಲ್ಲಿನ ಬೇರು ಮತ್ತು ಮಡಿಕೆಗಳಲ್ಲಿ ನಿಂತ ಶೋಲಾ. ಕೆಳಗಿನ ಕೆರೆಗಳ ನೀರು ಇಲ್ಲಿಂದ ಹೊರಡುತ್ತದೆ. ಆದ್ದರಿಂದ ಇರುವ ದಾರಿ ಬಿಟ್ಟು ಹುಲ್ಲಿನ ಮೇಲೆ ಹೊಸ ದಾರಿ ತುಳಿಯುವುದನ್ನು ನಾನು ದೊಡ್ಡ ತಪ್ಪೆಂದೇ ಎಣಿಸುತ್ತೇನೆ. ತುಳಿದ ಜಾಗದಲ್ಲಿ ಮುಂದಿನ ಮಳೆ ಕೊರಕಲು ಮಾಡುತ್ತದೆ, ಆಮೇಲೆ ಅಲ್ಲಿ ಹುಲ್ಲು ಹಿಡಿಯಲು ವರ್ಷಗಳು ಬೇಕು. 2022ರಲ್ಲಿ ನೀಲಕುರಿಂಜಿ ಅರಳಿದಾಗ ಚಿತ್ರ ತೆಗೆಯಲು ಬಂದವರ ಗುಂಪು ಇಳಿಜಾರುಗಳ ಮೇಲೆ ಹೀಗೇ ಚೆಲ್ಲಿಕೊಂಡಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗಿಡ ಬೀಜ ಉದುರಿಸುವ ಮೊದಲೇ ಕಾಲಡಿಗೆ ಸಿಕ್ಕರೆ ಆ ಜಾಗಕ್ಕೆ ಮತ್ತೊಂದು ಅವಕಾಶ ಬೇಗ ಬರುವುದಿಲ್ಲ. ಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಈಗ ಮುಂಗಡ ನೋಂದಣಿ ಇಟ್ಟಿದೆ. ದತ್ತಜಯಂತಿಯ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ಅರಣ್ಯದೊಳಗಿನ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಸ್ತೆಯಲ್ಲಿ ಓಡುವವರು ವಾರದ ನಡುವಿನ ದಿನ ಆರಿಸಿಕೊಳ್ಳಿ. ಶನಿವಾರ ಭಾನುವಾರ ಆ ತಿರುವುಗಳಲ್ಲಿ, ಮಂಜಿನಲ್ಲಿ, ಕಾರುಗಳ ಸಾಲಿನ ಮಧ್ಯೆ ಓಡುವುದು ಅಪಾಯ.

ಇನ್ನು ಕಾಫಿ ತೋಟ. ನನ್ನ ಮಟ್ಟಿಗೆ ಈ ಜಿಲ್ಲೆಯ ಅತ್ಯುತ್ತಮ ಓಟ ಇರುವುದು ಇಲ್ಲೇ. ಬಾಬಾಬುಡನ್ ಹದಿನೇಳನೇ ಶತಮಾನದಲ್ಲಿ ಯೆಮನ್‌ನ ಮೋಕಾದಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಅಲ್ಲಿಂದ ಹಬ್ಬಿದ ಬೆಳೆ ಈ ಇಳಿಜಾರುಗಳಿಗೆಲ್ಲ ರಸ್ತೆಯ ಜಾಲ ಹಾಸಿಕೊಟ್ಟಿದೆ. ಹಣ್ಣಿನ ಮೂಟೆ ಹೇರಿದ ಟ್ರ್ಯಾಕ್ಟರು, ಜೀಪು ಹತ್ತಿಳಿಯಬೇಕಾದ್ದರಿಂದ ರಸ್ತೆ ಬೆಟ್ಟವನ್ನು ನೇರ ಹತ್ತದೆ ಸುತ್ತಿ ಸುತ್ತಿ ಹೋಗುತ್ತದೆ. ಓಟಗಾರನಿಗೆ ಇದಕ್ಕಿಂತ ಹಿತವಾದ ಏರು ಬೇರೆ ಸಿಗುವುದಿಲ್ಲ. ಮೇಲೆ ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸಿನ ನೆರಳು. ಕಾಲಡಿಯಲ್ಲಿ ಎಲೆ ಕೊಳೆತು ಮೆತ್ತಗಾದ ಮಣ್ಣು. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಾಗ ಆ ಪರಿಮಳದಲ್ಲಿ ಓಡಿದವನಿಗೆ ನಗರದ ಪಾರ್ಕು ಮತ್ತೆ ಹಿಡಿಸಲು ಕೆಲವು ದಿನ ಬೇಕಾಗುತ್ತದೆ.

ಆದರೆ ತೋಟ ಎಂದರೆ ಒಬ್ಬರ ಸ್ವತ್ತು, ನೂರಾರು ಜನರ ಕೆಲಸದ ಜಾಗ. ಅದರ ಪಂಚಾಂಗ ಬೇರೆ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ. ಆಗ ಬೆಳಗ್ಗೆ ಎಂಟರ ಹೊತ್ತಿಗೆ ರಸ್ತೆಯ ತುಂಬ ಆಳುಗಳು, ಸಂಜೆ ಹಣ್ಣು ತೂಗುವ ಹೊತ್ತಿಗೆ ಟ್ರ್ಯಾಕ್ಟರುಗಳು. ಬೇಸಿಗೆಯ ಕೊನೆಗೆ ಮರಗಸಿ. ಮೇಲಿಂದ ಕೊಂಬೆ ಬೀಳುತ್ತಿರುತ್ತದೆ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವವನಿಗೆ ಮರದ ಮೇಲಿನವನ ಕೂಗು ಕೇಳುವುದಿಲ್ಲ. ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಆ ಕಡೆ ಹೋಗಲೇಬಾರದು. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಗಿಡದ ಸಾಲುಗಳ ನಡುವೆ ಮಳೆನೀರು ಇಂಗಲು ತೊಟ್ಟಿಲು ಗುಂಡಿ ತೆಗೆದಿರುತ್ತಾರೆ. ಮೊಣಕಾಲಿನಾಳದ ಗುಂಡಿ, ಮೇಲೆ ತರಗೆಲೆ ತುಂಬಿ ನೆಲದಂತೆಯೇ ಕಾಣುತ್ತದೆ. ತಿರುವು ಉಳಿಸಲು ಗಿಡಗಳ ಮಧ್ಯೆ ನುಗ್ಗಿದವನ ಮೂಳೆ ಮುರಿಯಲು ಒಂದು ಗುಂಡಿ ಸಾಕು. ರಸ್ತೆ ಎಷ್ಟು ಸುತ್ತಿದರೂ ರಸ್ತೆಯಲ್ಲೇ ಹೋಗಬೇಕು.

ಮಲ್ಲಂದೂರು ಕಡೆಯ ಒಂದು ತೋಟದಲ್ಲಿ, ಮಾಲೀಕರ ಅನುಮತಿ ಪಡೆದು ಓಡುತ್ತಿದ್ದ ಒಂದು ಬೆಳಗ್ಗೆ, ಆಳುಗಳ ಲೈನ್ ಮನೆಗಳ ಹತ್ತಿರ ತೋಟದ ಕೆಲಸ ನೋಡಿಕೊಳ್ಳುವ ರೈಟರು ಕೈ ಅಡ್ಡ ಹಿಡಿದರು. ‘ಸಾರ್, ಕೆಳಗಡೆ ಹೋಗ್ಬೇಡಿ. ರಾತ್ರಿ ಆನೆ ಇಳಿದದೆ, ಇನ್ನೂ ದಾಟಿಲ್ಲ.’ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ರಸ್ತೆಯ ತಿರುವಿಗೆ ಕರೆದುಕೊಂಡು ಹೋಗಿ ತೋರಿಸಿದರು. ಒಂದು ಬಗನಿ ಮರವನ್ನು ಉರುಳಿಸಿ, ಸೀಳಿ, ಒಳಗಿನ ತಿರುಳನ್ನು ತಿಂದಿತ್ತು. ಪಕ್ಕದಲ್ಲಿ ಲದ್ದಿ. ಸುತ್ತಲಿನ ಹುಲ್ಲು, ತರಗೆಲೆ, ಕಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಕೂತಿತ್ತು. ಲದ್ದಿಯ ಮೇಲೆ ಇಬ್ಬನಿ ಇರಲಿಲ್ಲ. ಇಬ್ಬನಿ ಬಿದ್ದ ಮೇಲೆ ಹಾಕಿದ್ದು, ಅಂದರೆ ಆನೆ ಹೋಗಿ ಹೆಚ್ಚು ಹೊತ್ತಾಗಿಲ್ಲ. ‘ಹೋದ ಹೆಜ್ಜೆ ಇದೆ, ಬಂದ ಹೆಜ್ಜೆ ಇಲ್ಲ ನೋಡಿ’ ಎಂದರು. ಕೈಗಡಿಯಾರದ ನಕ್ಷೆ ಎಷ್ಟೇ ಚೆನ್ನಾಗಿರಲಿ, ಇದನ್ನು ಹೇಳಿಕೊಡುವುದಿಲ್ಲ. ನಾವು ಅಲ್ಲಿಂದಲೇ ಹಿಂದಿರುಗಿದೆವು.

ಆನೆ ಗಂಟೆಗೆ 25 ಕಿಲೋಮೀಟರಿನಷ್ಟು ವೇಗದಲ್ಲಿ ನುಗ್ಗಬಲ್ಲದು. ಏರು ತಗ್ಗಿನಲ್ಲಿ, ಪೊದೆಯ ನಡುವೆ, ಯಾವ ಓಟಗಾರನೂ ಅದರಿಂದ ತಪ್ಪಿಸಿಕೊಳ್ಳುತ್ತೇನೆಂದು ಭಾವಿಸಬಾರದು. ಆನೆ ರಾತ್ರಿ ತೋಟ ಗದ್ದೆಗಳಲ್ಲಿ ಮೇದು ಬೆಳಗಿನ ಜಾವ ಕಾಡಿಗೆ ಮರಳುವ ಹೊತ್ತು, ನಾವು ತಂಪು ಹೊತ್ತೆಂದು ಓಡಲು ಹೊರಡುವ ಹೊತ್ತು, ಎರಡೂ ಒಂದೇ. ಅದಕ್ಕೇ ಈ ಸೀಮೆಯಲ್ಲಿ ಪೂರ್ತಿ ಬೆಳಕು ಹರಿದ ಮೇಲೆ ಹೊರಡುವುದು ಒಳ್ಳೆಯದು. ಒಂಟಿ ಕಾಟಿಯೂ ಅಷ್ಟೇ ಅಪಾಯ. ಟನ್ನಿನ ಹತ್ತಿರ ತೂಗುವ ಪ್ರಾಣಿ ಗಿಡಗಳ ಮಧ್ಯೆ ಸದ್ದಿಲ್ಲದೆ ನಿಂತಿರುತ್ತದೆ. ಓಟದ ರಭಸದಲ್ಲಿ ತಿರುವಿನಲ್ಲಿ ಎದುರಾದರೆ ಅದಕ್ಕೂ ಗಾಬರಿ. ಇಬ್ಬರು ಮೂವರು ಜೊತೆಯಲ್ಲಿ, ಮಾತಾಡುತ್ತಾ, ತಿರುವುಗಳಲ್ಲಿ ನಿಧಾನಿಸಿ ಓಡಿ. ಕಿವಿ ತೆರೆದಿರಲಿ.

ಮಳೆಗಾಲದಲ್ಲಿ ಪಶ್ಚಿಮದ ಇಳಿಜಾರು ಓಟಕ್ಕಲ್ಲ. ಕಲ್ಲಿನ ಮೇಲೆಲ್ಲ ಪಾಚಿ, ಹೆಜ್ಜೆಗೊಂದು ಇಂಬಳ. ಇಂಬಳದಿಂದ ಅಪಾಯವೇನಿಲ್ಲ, ಸುಣ್ಣ, ಹೊಗೆಸೊಪ್ಪು, ಉಪ್ಪು ಎಂದು ಮಲೆನಾಡಿನವರ ಬಳಿ ಮದ್ದು ಇದ್ದೇ ಇದೆ. ಭಯಪಡಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನಕಾಯಿಲೆ ಹರಡುವುದು ಈ ಉಣುಗಿನಿಂದ. ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ, ಅಂದರೆ ಓಟಕ್ಕೆ ಹವೆ ಹಿತವಾಗಿರುವ ತಿಂಗಳುಗಳಲ್ಲೇ, ಅದರ ಕಾಟ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ರೋಗ ಕಾಣಿಸಿಕೊಂಡಿದೆ. ಕಾಡಂಚಿನಲ್ಲಿ ಓಡುವ ಮುನ್ನ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಉದ್ದ ಕಾಲುಚೀಲ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಮಂಗ ಸತ್ತ ಸುದ್ದಿಯಿರುವ ಕಡೆ ಕಾಲಿಡಬೇಡಿ.

ಲಾಳದ ಒಳಗಿನ ಭದ್ರೆಯ ಕಡೆಗೆ ಬಂದರೆ ನನ್ನ ಮಾತು ಸ್ಪಷ್ಟ: ಅಲ್ಲಿ ಓಡಬೇಡಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕಾಲ್ನಡಿಗೆಯ ಪ್ರವಾಸಕ್ಕೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರವೇಶ ಅಪರಾಧ. ಆದರೂ ಹಳೆಯ ನಕ್ಷೆಗಳಲ್ಲಿ, ಉಪಗ್ರಹದ ಚಿತ್ರಗಳಲ್ಲಿ ಒಳಗಿನ ದಾರಿಗಳು ಗೆರೆಯಾಗಿ ಕಾಣುತ್ತವೆ, ಆಸೆ ಹುಟ್ಟಿಸುತ್ತವೆ. ಅವು ಯಾರ ದಾರಿಗಳಾಗಿದ್ದವು? ಒಳಗಿದ್ದ ಹಳ್ಳಿಗಳ ಜನ ಸಂತೆಗೆ, ಶಾಲೆಗೆ, ಗದ್ದೆಗೆ ಹೋಗುತ್ತಿದ್ದ ದಾರಿಗಳು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರುಗಳಿಗೆ ಸ್ಥಳಾಂತರಗೊಂಡವು. ಮನೆ, ಗದ್ದೆ, ದೇವರ ಬನ ಬಿಟ್ಟು ಬಂದದ್ದು ಸಣ್ಣ ಮಾತಲ್ಲ. ಅವರು ಬಿಟ್ಟುಕೊಟ್ಟ ಗದ್ದೆಗಳಲ್ಲಿ ಈಗ ಜಿಂಕೆ, ಕಾಟಿ ಮೇಯುತ್ತವೆ, ಅವುಗಳ ಹಿಂದೆ ಹುಲಿ ಬರುತ್ತದೆ. ಹುಲಿಗೆಂದು ತಮ್ಮ ಊರನ್ನೇ ಬಿಟ್ಟುಕೊಟ್ಟವರ ದಾರಿಯಲ್ಲಿ ಭಾನುವಾರದ ವ್ಯಾಯಾಮಕ್ಕೆ ಹೋಗುವ ಹಕ್ಕು ನಮಗಿದೆ ಎಂದು ನನಗೆ ಅನ್ನಿಸುವುದಿಲ್ಲ.

ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಆ ಕಾಡಿನ ಒಳಕ್ಕೆ ಚಾಚಿಕೊಂಡಿದೆ. ಬೇಸಿಗೆಗೆ ನೀರು ಇಳಿದಾಗ ಮೇಲೆದ್ದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರಿಯ ನೆಲದ ಮೇಲೇ ಮೊಟ್ಟೆಯಿಡುತ್ತವೆ. ದಡದಲ್ಲಿ ಜನ ಓಡಾಡಿದರೆ ಅವು ಏಳುತ್ತವೆ, ಬಿಸಿಲಿಗೆ ಮೊಟ್ಟೆ ಕೆಡುತ್ತದೆ. ಹಿನ್ನೀರಿನ ಅಂಚಿನ ಬೋಳು ನೆಲ ಓಟಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ನಿಜ. ಆದರೆ ಮೇಲೆ ಒಣಗಿ ಬಿರುಕು ಬಿಟ್ಟ ಹೂಳಿನ ಕೆಳಗೆ ಮಂಡಿಯುದ್ದ ಕೆಸರು ಇರುವುದು ಎಲ್ಲ ಜಲಾಶಯಗಳಲ್ಲೂ ಸಾಮಾನ್ಯ. ಹಿನ್ನೀರನ್ನು ದೂರದಿಂದ ನೋಡಿ ಸಂತೋಷಪಡುವುದು ಕ್ಷೇಮ.

ನೀರಿನ ಪಕ್ಕದಲ್ಲೇ ಓಡಬೇಕೆನ್ನುವವರಿಗೆ ಪೂರ್ವದ ಬದಿಯಲ್ಲಿ ಅಯ್ಯನಕೆರೆ ಇದೆ. ಸಖರಾಯಪಟ್ಟಣದ ಹತ್ತಿರದ ಈ ಕೆರೆ ರಾಜ್ಯದ ದೊಡ್ಡ ಕೆರೆಗಳಲ್ಲೊಂದು. ರುಕ್ಮಾಂಗದ ರಾಯ ಕಟ್ಟಿಸಿದ್ದೆಂದು ಐತಿಹ್ಯ. ಹಿಂದೆ ಶಕುನಗಿರಿ, ಅದರ ಹಿಂದೆ ಸಾಲುಗಟ್ಟಿದ ಗಿರಿಗಳು. ಗಿರಿಯ ಮೇಲೆ ಬಿದ್ದ ಮಳೆ ಕಣ್ಣೆದುರೇ ಕೆರೆಯಾಗಿ ನಿಂತಿರುತ್ತದೆ. ಏರಿ ಸಮತಟ್ಟು. ಬೆಳಗ್ಗೆ ಎಡಕ್ಕೆ ನೀರು, ಬಲಕ್ಕೆ ಕೆಳಗೆ ಅಚ್ಚುಕಟ್ಟಿನ ಗದ್ದೆ, ತೆಂಗು, ಅಡಿಕೆ. ಏರು ಇಳಿವುಗಳಿಂದ ದಣಿದ ಕಾಲಿಗೆ ಮರುದಿನ ಬೇಕಾದದ್ದು ಇಂಥ ನಿಧಾನದ, ಸಮನಾದ ಓಟ. ಏರಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿ, ಕೆಳಗಿನ ಹಳ್ಳಿ ರಸ್ತೆಗಳಲ್ಲಿ ಗದ್ದೆಗಳ ನಡುವೆ ಸುತ್ತಿ ಬಂದರೆ ಒಂದು ಬೆಳಗು ಸಾರ್ಥಕ. ದಾರಿ ತಪ್ಪುವ ಭಯವಿಲ್ಲ. ಊರು ಹತ್ತಿರ, ಕುಡಿಯಲು ನೀರು ಸಿಗುತ್ತದೆ. ನೆರಳು ಕಡಿಮೆಯಾದ್ದರಿಂದ ಎಂಟೂವರೆ ಒಂಬತ್ತರೊಳಗೆ ಮುಗಿಸಬೇಕು ಅಷ್ಟೆ.

ಈ ಕೆರೆಗೆ ಸೇರಿದ ಕತೆಯೊಂದನ್ನು ಆ ಕಡೆಯ ಹಿರಿಯರು ಹೇಳುತ್ತಾರೆ. ಅದು ಒಂದು ಓಟದ ಕತೆಯೇ. ಮಳೆ ಹುಚ್ಚೆದ್ದ ರಾತ್ರಿ ಕೆರೆ ಒಡೆಯುವ ಹಂತಕ್ಕೆ ಬಂತು. ಕೆರೆಯ ದೇವತೆ ಕೆರೆ ಕಾಯುವ ನೀರಗಂಟಿಯ ಎದುರು ನಿಂತು, ಹೋಗಿ ಊರಿಗೆ ತಿಳಿಸು ಎಂದಳು. ನಾನು ತಿರುಗಿ ಬರುವವರೆಗೆ ಏರಿ ಒಡೆಯಬಾರದು ಎಂದು ನೀರಗಂಟಿ ಅವಳಿಂದ ಭಾಷೆ ತೆಗೆದುಕೊಂಡು ಪಟ್ಟಣಕ್ಕೆ ಓಡಿದ. ಸುದ್ದಿ ಕೇಳಿದ ಅರಸ ಯೋಚಿಸಿದ: ಇವನು ತಿರುಗಿ ಹೋಗದೇ ಇದ್ದರೆ ಕೆರೆ ಎಂದೆಂದಿಗೂ ಒಡೆಯುವುದಿಲ್ಲ. ನೀರಗಂಟಿಯನ್ನು ಅಲ್ಲೇ ಕೊಲ್ಲಿಸಿದ. ಏರಿ ಉಳಿಯಿತು. ಕತೆಯ ಇತಿಹಾಸ ಏನೇ ಇರಲಿ, ಕೆರೆ ಕಾಯುವವನ ಕೆಲಸ ಎಷ್ಟು ಭಾರದ್ದೆಂದು ಊರು ನೆನಪಿಟ್ಟುಕೊಂಡ ಬಗೆ ಇದು. ಇವತ್ತೂ ತೂಬು ಎತ್ತಿಳಿಸುವ, ಕೋಡಿಯ ಮೇಲೆ ಕಣ್ಣಿಡುವ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಣಯಿಸುವ ಜನ ಇದ್ದಾರೆ. ಏರಿಯ ಮೇಲೆ ಎದುರಾದರೆ ಓಟ ನಿಲ್ಲಿಸಿ ಒಂದು ಮಾತಾಡಿ. ಈ ಸಲ ಗಿರಿಯಲ್ಲಿ ಮಳೆ ಹೇಗಿತ್ತು, ಕೆರೆ ಯಾವಾಗ ಕೋಡಿ ಬಿತ್ತು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳುವವರಿಲ್ಲ.

ಅಯ್ಯನಕೆರೆಯ ನೀರು ವೇದಾವತಿಯಾಗಿ ಹರಿದು ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತದೆ. ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಆ ಅಣೆಕಟ್ಟೆ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಲ್ಲಿನ ಕುರುಚಲು ಗುಡ್ಡಗಳ ತಪ್ಪಲಿನ ರಸ್ತೆಗಳು ಚಳಿಗಾಲದ ಓಟಕ್ಕೆ ಬಹಳ ಚೆನ್ನ. ಕೊಡಗಿನ ಚಿಕ್ಲಿಹೊಳೆ, ಬೆಂಗಳೂರಿನವರಿಗೆ ಹತ್ತಿರದ ಸಾವನದುರ್ಗ ಮತ್ತು ಮಂಚನಬೆಲೆಯ ಸೀಮೆಯೂ ಬೆಟ್ಟ, ಕಾಡು, ನೀರು ಮೂರನ್ನೂ ಒಂದೇ ಬೆಳಗಿನಲ್ಲಿ ಕೊಡುತ್ತವೆ. ಮಂಚನಬೆಲೆಯಲ್ಲಿ ಈಜಲು ಇಳಿದು ಸತ್ತವರು ಅನೇಕರು. ಬೆವರಿದ ಮೈಯಲ್ಲಿ ಯಾವ ಜಲಾಶಯಕ್ಕೂ ಇಳಿಯಬೇಡಿ. ದೊಡ್ಡ ಅಣೆಕಟ್ಟೆಗಳ ಮೇಲೆ ಭದ್ರತೆಯ ಕಾರಣಕ್ಕೆ ಪ್ರವೇಶವಿಲ್ಲ. ನಾಲೆ ಏರಿಗಳು ಮಟ್ಟಸವಾಗಿ ಮೈಲಿಗಟ್ಟಲೆ ಸಾಗುತ್ತವೆ. ನೀರು ತನ್ನಷ್ಟಕ್ಕೆ ಹರಿಯುವಷ್ಟು ಅಲ್ಪ ಇಳಿಜಾರು ಮಾತ್ರ ಕೊಟ್ಟಿರುತ್ತಾರೆ. ಆದರೆ ತಡೆಗೋಡೆ ಇಲ್ಲದ ಕಡೆ ಹುಷಾರು. 2018ರಲ್ಲಿ ಮಂಡ್ಯದ ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ಸು ಬಿದ್ದು 30 ಜನ ಹೋದರು. ಜಾರುವ ಗಾರೆಯ ದಂಡೆಯಿಂದ ಹರಿವ ನಾಲೆಗೆ ಬಿದ್ದರೆ ಈಜು ಬಲ್ಲವನಿಗೂ ಮೇಲೆ ಬರುವುದು ಕಷ್ಟ.

ಜಿಲ್ಲಾಡಳಿತ, ಅರಣ್ಯ ಇಲಾಖೆ ಮತ್ತು ಬೆಳೆಗಾರರ ಸಂಘಗಳಿಗೆ ಒಂದು ವಿನಂತಿ. ಎಲ್ಲಿ ಓಡಬಹುದು, ಎಲ್ಲಿ ಕೂಡದು, ಯಾವ ತಿಂಗಳು ಯಾವ ದಾರಿ ಮುಚ್ಚಿರುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ನಕ್ಷೆಯಾಗಿ ಮಾಡಿ ಕೈಮರದಲ್ಲಿ, ಬಸ್ ನಿಲ್ದಾಣದಲ್ಲಿ ಹಾಕಿದರೆ ಬಹಳ ತೊಂದರೆ ತಪ್ಪುತ್ತದೆ. ಇಂಥ ನಕ್ಷೆ ಮಾಡುವಾಗ ತೋಟದ ರೈಟರುಗಳನ್ನೂ ನೀರಗಂಟಿಗಳನ್ನೂ ಕೂರಿಸಿಕೊಳ್ಳಲಿ. ಓಟ ಏರ್ಪಡಿಸುವವರು ಅವರಿಗೆ ಸಂಭಾವನೆ ಕೊಟ್ಟು ದಾರಿ ಕಾಯಲು ಕರೆಯಲಿ. ಹಾದು ಹೋಗುವ ಹಳ್ಳಿಯ ಮಕ್ಕಳಿಗೆ ಶುಲ್ಕವಿಲ್ಲದೆ ಓಡಲು ಜಾಗ ಇರಲಿ.

ಓದುಗರಲ್ಲಿ ಈ ಸಲ ಬರುವ ಮನಸ್ಸಿದ್ದವರು ಅಕ್ಟೋಬರ್ ಕೊನೆಯಿಂದ ಫೆಬ್ರವರಿಯೊಳಗೆ ಬನ್ನಿ. ಮೊದಲ ದಿನ ಅಯ್ಯನಕೆರೆಯ ಏರಿ, ಎರಡನೆಯ ದಿನ ಅನುಮತಿ ಪಡೆದ ಒಂದು ತೋಟ. ಕಾಲು ಒಪ್ಪಿದರೆ ಮೂರನೆಯ ದಿನ ಗಿರಿ. ತೋಟದ ಗೇಟಿನಲ್ಲಿ ಕೇಳಿ ಒಳಗೆ ಹೋಗಿ, ಬೇಡವೆಂದರೆ ವಾದಿಸದೆ ತಿರುಗಿ ಬನ್ನಿ. ತಿಂದ ಪೊಟ್ಟಣದ ಚೂರೂ ಅಲ್ಲಿ ಉಳಿಯದಂತೆ ಜೇಬಿನಲ್ಲಿಟ್ಟುಕೊಂಡು ಊರಿಗೆ ಒಯ್ಯಿರಿ.